ಖಣಕ್ಕೆ ಕತ್ತರಿ ಬಿದ್ದ ವರ್ಷದ ಲಾಭ

ಇದರೊಳಗಿನ ಒಂದೊಂದು ಅಕ್ಷರವೂ ಖರೆ. ಬೇಕಾದರೆ ಮಲಪ್ರಭೆಯಲ್ಲಿ ಎದೆಮಟ ನಿಂತು ಹೇಳುತ್ತೇನೆ. ಹೊಳೆಗೆ ನೀರು ಬಂದಾಗ ಕರೆಯಿರಿ, ಅಷ್ಟೇ.

ಹುನಗುಂದದ ಮಂಗಳಸೆರಗು ಜವಳಿ ಕಂಪನಿಯು ಸತತವಾಗಿ ಲಾಭದಲ್ಲಿರುವ ಸಂಸ್ಥೆಯಾಗಿದೆ. ಅದರ ಒಡೆಯರಲ್ಲಿ ನಾನೂ ಒಬ್ಬ. ನನ್ನ ಷೇರು ಒಂಬತ್ತೇ ಇರಬಹುದು; ಆದರೆ ವಾರ್ಷಿಕ ಸಭೆಯಲ್ಲಿ ನಾನು ಕೆಮ್ಮಿದರೆ ಅಧ್ಯಕ್ಷರು ಭಾಷಣ ನಿಲ್ಲಿಸಿ ನೀರು ತರಿಸುತ್ತಾರೆ.

ಕಂಪನಿಯ ಮಾಲು ಖಣ, ಅಂದರೆ ಕುಬಸದ ಬಟ್ಟೆ. ಆದರೆ ನಮ್ಮ ಕಡೆ ಖಣ ಹೊಲಿಸುವವರು ಕಡಿಮೆ. ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕಾಯಿಯ ಜೋಡಿ ಒಂದು ಖಣ ಇಡುತ್ತಾರೆ. ಆಕೆ ಅದರ ಮಡಿಕೆಯನ್ನೂ ಬಿಚ್ಚದೆ ಮತ್ತೊಬ್ಬಾಕೆಯ ಉಡಿಗೆ ಹಾಕುತ್ತಾಳೆ. ಹೀಗೆ ಹುನಗುಂದದಿಂದ ಹೊರಟ ಖಣ ಇಳಕಲ್ಲು, ಬಾಗಲಕೋಟೆ, ಬಾದಾಮಿ ತಿರುಗಿ, ಟಿಕೀಟಿಲ್ಲದೆ ಹೊಳ್ಳಿ ಮೊದಲ ಮನೆಗೇ ಬರುತ್ತದೆ.

ಒಂದು ವರ್ಷ ವ್ಯಾಪಾರ ಮಲಗಿತು. ಅಧ್ಯಕ್ಷ ಬಸಯ್ಯನವರು ಕಂಪನಿಯ ಲೆಕ್ಕಿಗ ದತ್ತಾತ್ರೇಯರನ್ನು ಕರೆಸಿದರು.

"ಲಾಭ ಹೆಂಗೈತ್ರಿ?"

"ಅದರ ಪ್ರಕೃತಿ ಸರಿ ಇಲ್ರಿ, ಹಾಸಿಗಿ ಹಿಡದದ. ಆದ್ರ ಮಾರ್ಚ್ ಇನ್ನೂ ಮುಗದಿಲ್ಲ."

ಮಾರ್ಚ್ ಮುಗಿಯುವುದರೊಳಗೆ ಊರ ಹೆಣ್ಣುಮಕ್ಕಳನ್ನೆಲ್ಲ ಗೋದಾಮಿಗೆ ಅರಿಷಿಣ-ಕುಂಕುಮಕ್ಕೆ ಕರೆದು, ಇದ್ದಬದ್ದ ಖಣಗಳಿಂದ ಉಡಿ ತುಂಬಲಾಯಿತು. ದತ್ತಾತ್ರೇಯರು ಅದನ್ನು ಉದ್ರಿ ಮಾರಾಟವೆಂದು ಬರೆದರು. ಲಾಭ ಎದ್ದು ಕೂತಿತು. ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷರ ಮನೆಯವರು ಯೋಗಕ್ಷೇಮ ಕೇಳುತ್ತ ಮನೆಮನೆ ತಿರುಗಿದರು. ಖಣಗಳೆಲ್ಲ ಅವರ ಉಡಿಯಲ್ಲೇ ಹೊಳ್ಳಿ ಬಂದವು. ಮರುವರ್ಷ ಅವೇ ಖಣ, ಹೊಸ ಮಾರಾಟ.

ಹೊಸ ಖಣದ ಗರಜೇ ಇಲ್ಲದ್ದರಿಂದ ಮಗ್ಗಗಳನ್ನು ನಿಲ್ಲಿಸಲಾಯಿತು. ಖರ್ಚು ಇಳಿಯಿತು, ಲಾಭ ಮತ್ತಷ್ಟು ಏರಿತು. ಮಾಲು ತಯಾರಿಸುವುದೇ ಈವರೆಗಿನ ನಷ್ಟಕ್ಕೆ ಮೂಲ ಕಾರಣವೆಂಬ ಠರಾವನ್ನು ಅನುಮೋದಿಸಿದವನು ನಾನೇ.

ಇಷ್ಟರಲ್ಲಿ ಅನಾಹುತವಾಯಿತು. ಗೋದಾಮಿನಲ್ಲಿ ಖಣ ಮಡಿಚುವ ಸತ್ಯವ್ವ ತನ್ನ ಉಡಿಗೆ ಬಂದ ಖಣವನ್ನು ಯಾರಿಗೂ ದಾಟಿಸದೆ, ಮೊಮ್ಮಗಳ ಮದುವೆಗೆಂದು ದರ್ಜಿ ಚಮನಸಾಬನ ಕಡೆ ಕುಬಸ ಹೊಲಿಸಿಬಿಟ್ಟಳು. ಮರುದಿನವೇ ಬಾಗಿಲಿಗೆ ಪ್ರಕಟಣೆ ಬಿತ್ತು: "ಮಾರಾಟವಾದ ಮಾಲನ್ನು ಗ್ರಾಹಕರು ಉಪಯೋಗಿಸತಕ್ಕದ್ದಲ್ಲ. ಉಪಯೋಗಿಸಿದಲ್ಲಿ ಮುಂದಿನ ವರ್ಷದ ಮಾರಾಟಕ್ಕೆ ಧಕ್ಕೆ ತಂದಂತೆ ಪರಿಗಣಿಸಲಾಗುವುದು."

ತುರ್ತು ಸಭೆ ಸೇರಿತು. ಮೊದಲು ದರ್ಜಿಯ ವಿಚಾರಣೆ.

"ಖಣಕ್ಕ ಕತ್ತರಿ ಹಾಕಾಕ ನಿನಗ ಮನಸರ ಹೆಂಗ ಬಂತೋ ಚಮನಸಾಬ?" ಅಂದರು ಬಸಯ್ಯನವರು.

"ನಾ ದರ್ಜಿ ಅದೀನ್ರಿ ಸಾಹೇಬ್ರ. ಅರಿವಿ ಕೊಟ್ರ ಕತ್ತರಸ್ತೇನಿ. ಪೂಜಿ ಮಾಡು ಅಂದಿದ್ರ ಊದಿನಕಡ್ಡಿ ತರ್ತಿದ್ದೆ."

ಸತ್ಯವ್ವ ಕುಬಸವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. "ನನ್ನ ಮೊಮ್ಮಗಳು ಹಳೇ ಕುಬಸದಾಗ ಹಸಿಮಣಿ ಏರಬೇಕೇನ್ರೀ ಯಪ್ಪಾ? ಇದೊಂದು ಬಿಡ್ರಿ."

"ಬಿಟ್ರ ನಷ್ಟ ತೋರಸಬೇಕಾಗ್ತದವ್ವಾ," ಅಂದರು ದತ್ತಾತ್ರೇಯರು. ಸಭೆಯಲ್ಲಿ ಇಬ್ಬರು ಎದೆ ಹಿಡಿದುಕೊಂಡರು. ನಾನು ಕೆಮ್ಮಿದೆ, ನೀರು ಬಂತು.

ಕೊನೆಗೆ ದಾರಿ ತೋರಿಸಿದವರೂ ದತ್ತಾತ್ರೇಯರೇ. ಅದು ಕುಬಸವಲ್ಲ, ತಾತ್ಕಾಲಿಕವಾಗಿ ಕುಬಸದ ಆಕಾರದಲ್ಲಿರುವ ಖಣ. ಮದುಮಗಳು ಅದನ್ನು ಮದುವೆಯ ಮಟ್ಟಿಗೆ ತೊಡಬಹುದು. ಸೋಮವಾರ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಕಂಪನಿಗೆ ಒಪ್ಪಿಸಬೇಕು.

"ಹೊಲದದ್ದು ಬಿಚ್ಚಿದ್ರ ಮತ್ತ ಖಣ ಆಗತೈತೇನ್ರಿ?"

"ಆಗ್ತದ. ನಷ್ಟಾನ ಲಾಭ ಮಾಡಿದಾವ ಇದ್ದೀನವ್ವಾ ನಾ. ಇದೇನ್ ದೊಡ್ಡದು?"

ಮದುವೆ ಮಹಾಕೂಟದಲ್ಲಾಯಿತು. ದತ್ತಾತ್ರೇಯರು ದಾಸ್ತಾನು ಪರಿಶೀಲನೆಗೆ ಖುದ್ದು ಬಂದು, ಮದುಮಗಳ ತೋಳಿಗೆ 'ಮಾರಾಟಕ್ಕೆ ಬಾಕಿ' ಎಂಬ ಚೀಟಿ ಕಟ್ಟಿದರು. ಗಂಡಿನ ಕಡೆಯವರು ಗಾಬರಿಯಾದಾಗ, "ನಿಮ್ಮ ಸೊಸಿಗಲ್ರಿ, ಆಕಿ ತೊಟ್ಟ ಮಾಲಿಗೆ," ಎಂದು ಸ್ಪಷ್ಟಪಡಿಸಿದರು. ಅಕ್ಷತೆ ಬಿತ್ತು. ಊಟದಲ್ಲಿ ನಾನು ಎರಡು ಹೋಳಿಗೆ ಹೊಡೆದೆ.

ಸೋಮವಾರ ಸತ್ಯವ್ವ ಬರಿಗೈಯಲ್ಲಿ ಬಂದಳು. ಕುಬಸ ಮೊಮ್ಮಗಳ ಜೋಡಿ ಇಳಕಲ್ಲಿಗೆ ಹೋಗಿತ್ತು.

"ಎಲ್ಲದವ್ವಾ ಖಣ?"

"ಬಂದೈತಿ ಅಂತ ಬರಕೊಳ್ರಿ. ಮುಂದಿನ ಮಾರ್ಚಿನ್ಯಾಗ ತಂದು ಕೊಡ್ತೇನಿ."

"ಆಗೂ ತರಲಿಲ್ಲಂದ್ರ?"

"ಅದರ ಮುಂದೂ ಒಂದು ಮಾರ್ಚ್ ಇರತೈತಲ್ರೀ ಯಪ್ಪಾ."

ದತ್ತಾತ್ರೇಯರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಆಕೆಗೆ ಕೊಟ್ಟರು. ಬರಬೇಕಾದ ಆಸ್ತಿ ಎಂದು ಕುಬಸವನ್ನು ಬರೆದುಕೊಂಡಾಗ ಲಾಭ ಇನ್ನೊಂದು ಕೂದಲೆಳೆ ಏರಿತು. ಆ ಖಣ ಇನ್ನು ಯಾವ ಮಾರ್ಚಿಗೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬಾರದೆ ಇದ್ದದ್ದು ಹರಿಯುವುದೂ ಇಲ್ಲ, ಬಣ್ಣ ಹೋಗುವುದೂ ಇಲ್ಲ. ಇದಕ್ಕಿಂತ ಭದ್ರವಾದ ಮಾಲು ಕಂಪನಿಯಲ್ಲಿ ಬೇರೊಂದಿಲ್ಲವೆಂದು ಬಸಯ್ಯನವರು ಹೇಳಿದಾಗ ಒಡೆಯರೆಲ್ಲ ಚಪ್ಪಾಳೆ ತಟ್ಟಿದೆವು. ಈಗ ಗೋದಾಮಿನ ಉಳಿದ ಖಣಗಳನ್ನೂ ಹಾಗೆಯೇ ಬಾರದಂತೆ ಮಾಡುವ ಕೆಲಸ ಸತ್ಯವ್ವನ ಮೇಲ್ವಿಚಾರಣೆಯಲ್ಲಿ ನಡೆದಿದೆ.

ಎಲ್ಲ ಖರೆ ಅಂದೆನಲ್ಲ, ಒಂದು ಸಣ್ಣದು ಮಾತ್ರ ನನ್ನ ಸ್ವಂತದ್ದು. ಎಲೆಗೆ ಬಿದ್ದದ್ದು ಒಂದೇ ಹೋಳಿಗೆ. ಎರಡನೆಯದು ಮುಂದಿನ ವರ್ಷದ ಮದುವೆಯೊಂದರಲ್ಲಿ ಬೀಳುವುದಿತ್ತು. ಈ ವರ್ಷಕ್ಕೇ ಜಮಾ ಮಾಡಿಕೊಂಡೆ.