ಇಬ್ಬರು ಹುಡುಗಿಯರು, ಒಂದು ಕುದುರೆ

ನಾನು ಏನನ್ನಾದರೂ ಬಚ್ಚಿಡೋಕೆ ಹೋದಾಗಲೇ ಜನಕ್ಕೆಲ್ಲ ನನ್ನ ಮೇಲೆ ಎಲ್ಲಿಲ್ಲದ ಆಸಕ್ತಿ ಬರುತ್ತೆ. ಇದು ಎಲ್ಲರ ಕೈಗೂ ಮೊಬೈಲ್ ಬರೋಕೆ ಮುಂಚಿನ ಮಾತು. ತುಮಕೂರಲ್ಲಿ ಟೀಚರ್ ಆಗಿದ್ದೆ. ಹೈಸ್ಕೂಲ್ ಮಕ್ಕಳು ಓದಲಿ ಅಂತ ಪಾಳೇಗಾರರ ಕಾಲದ ಕಾದಂಬರಿಯೊಂದನ್ನ ಬರೆದೆ. ಪಾಳೇಗಾರನ ಮಗಳು, ಕತ್ತಿ ಹಿಡಿದು ಅವಳನ್ನ ಕಾಯೋ ಇನ್ನೊಬ್ಬಳು; ಇಬ್ಬರಿಗೂ ಪ್ರೀತಿಯಾಗಿ ಕೋಟೆ ಬಿಟ್ಟು ಓಡಿಹೋಗ್ತಾರೆ. ಕತ್ತಿಯವಳು ಅಂದ್ರೆ ನನ್ನ ಜೊತೆ ಒಂದೇ ಮನೆಯಲ್ಲಿದ್ದ ಪಿ.ಟಿ. ಟೀಚರ್. ಪಾಳೇಗಾರನ ಮಗಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಗುಬ್ಬಿಯಲ್ಲಿದ್ದ ಅಮ್ಮನಿಗೆ ಗೊತ್ತಾದ್ರೆ ಕೆಲಸ ಬಿಡಿಸಿ ಯಾವನಿಗೋ ಕಟ್ಟಿಬಿಡ್ತಾಳೆ ಅನ್ನೋ ಭಯಕ್ಕೆ ಕತ್ತಿಯವಳ ಹೆಸರು, ಬಣ್ಣ, ಎತ್ತರ ಎಲ್ಲಾ ಬದಲಾಯಿಸಿದ್ದೆ.

ಕುದುರೆ

ಇಬ್ಬರನ್ನ ಹೊತ್ತ ಕುದುರೆ ಎಷ್ಟು ದೂರ ಓಡುತ್ತೆ ಅಂತ ತಿಳ್ಕೊಳ್ಳೋಕೆ ಕುಣಿಗಲ್‌ಗೆ ಹೋಗಿ, ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳೋ ಯಜಮಾನರೊಬ್ಬರನ್ನ ಕೇಳಿದೆ.

"ಯಾರ್ ಯಾರು ಹೋಗೋದು?" ಅಂದ್ರು.

"ಇಬ್ಬರು ಹೆಣ್ಣುಮಕ್ಕಳು. ಮನೇಲಿ ಹೇಳದೆ." ಕತೆಗೆ ಅಂತ ಹೇಳೋದೇ ಮರೆತುಹೋಗಿತ್ತು.

ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಕುದುರೆ ಬ್ಯಾಡ ಬುಡಿ ಮೇಡಂ, ಎಲ್ರ ಕಣ್ಣಿಗೂ ಬೀಳ್ತದೆ. ಮಂಗಳೂರು ಬಸ್ಸು ಇಲ್ಲೇ ನಿಲ್ತದೆ," ಅಂದ್ರು.

ಛತ್ರ

ಅಚ್ಚಿಗೆ ಕೊಟ್ಟ ಪ್ರೆಸ್ಸಿನಲ್ಲಿ ವರ್ಷವಿಡೀ ಮದುವೆ ಕಾರ್ಡಿನದೇ ಕೆಲಸ. ನನ್ನ ಕೊನೆ ಅಧ್ಯಾಯದಲ್ಲಿ ನಾಯಕಿಯರಿಬ್ಬರೂ ಹಾರ ಬದಲಾಯಿಸ್ತಾರೆ. ಅದನ್ನ ಟೈಪ್ ಮಾಡ್ತಿದ್ದವರು ಕೈ ನಿಲ್ಲಿಸಿ, "ಮೇಡಂ, ಇದ್ರಲ್ಲಿ ಗಂಡಿನ ಕಡೆಯೋರು ಯಾರು?" ಅಂತ ಜೋರಾಗಿ ಕೇಳಿದರು. ಪ್ರೆಸ್ಸಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇಬ್ಬರೂ ಹೆಣ್ಣಿನ ಕಡೆಯೋರೇ," ಅಂದೆ. ಇನ್ನು ಗುಬ್ಬಿಗೆ ಸುದ್ದಿ ಮುಟ್ಟಿದ ಹಾಗೇ ಅಂದುಕೊಂಡೆ.

ಅವರು ಪಕ್ಕದಲ್ಲಿದ್ದ ಮದುವೆ ಕಾರ್ಡೊಂದನ್ನ ಎತ್ತಿ ತಿರುಗಿಸಿ ನೋಡಿದರು.

"ಹಂಗಾದ್ರೆ ಛತ್ರದ ಖರ್ಚು ಯಾರ ತಲೆಗೆ ಕಟ್ತೀರಾ?"

ಗೊರಕೆ

ಪ್ರೂಫ್ ನೋಡೋಕೆ ಅಂತ ಗುಬ್ಬಿಗೆ ತಗೊಂಡು ಹೋಗಿದ್ದೆ. ಸ್ನಾನ ಮಾಡಿ ಬರೋಷ್ಟರಲ್ಲಿ ಅಮ್ಮ ಕನ್ನಡಕ ಹಾಕ್ಕೊಂಡು ಓದ್ತಾ ಕೂತಿದ್ದಾಳೆ. ಕಿತ್ಕೊಂಡ್ರೆ ಅನುಮಾನ, ಬಿಟ್ರೆ ಅಪಾಯ. ಸಂಜೆ ಹೊತ್ತಿಗೆ ಅಮ್ಮ ಕೊನೆ ಹಾಳೆ ಕೆಳಗಿಟ್ಟಳು.

"ಚೆನ್ನಾಗಿ ಬರ್ದಿದೀಯ ಕಣೇ. ಆದ್ರೆ ಗುಹೇಲಿ ಬಚ್ಚಿಟ್ಕೊಂಡಾಗ ಆ ಕತ್ತಿಯೋಳ ಗೊರಕೆ ಕೇಳಿ ಸೈನಿಕರು ಬರ್ತಾರಲ್ಲ, ಅದನ್ನ ತೆಗೆದ್ಬುಡು."

"ಯಾಕಮ್ಮ?"

"ನಿನ್ನ ಪಿ.ಟಿ. ಟೀಚರ್ ಹಬ್ಬಕ್ಕೆ ಬಂದಾಗೆಲ್ಲ ನಾನೂ ಕೇಳಿದೀನಿ. ಒಂದಿನಾದ್ರೂ ಬಾಯಿ ಬಿಟ್ಟಿದೀನಾ? ಮನೆಗೆ ಬರೋ ಹುಡುಗಿ ಕಣೇ, ಬೇಜಾರ್ ಮಾಡ್ಕೋತಾಳೆ."