ಗ್ರಾಮರ್ ಸ್ಕೂಲಿನ ಸೀಟು

ಇದೆಲ್ಲ ನಡೆದದ್ದು 2003ರ ಜೂನ್‌ನಿಂದ 2004ರ ಸೆಪ್ಟೆಂಬರ್‌ವರೆಗೆ. ಆಗ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಲಂಡನ್ನಿಗೆ ಬಂದು ಅಕ್ಸ್‌ಬ್ರಿಡ್ಜ್‌ನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ವಾಸ ಕೆಂಟನ್‌ನಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್. ಬಾವ ಧಾರವಾಡದವರು, ಮೂಳೆ ಡಾಕ್ಟರ್. ಬಾವನ ತಾಯಿಯೂ ಜೊತೆಗೇ ಇದ್ದರು. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅಕ್ಕ ಅವರನ್ನು ಅತ್ತೆ ಎನ್ನುತ್ತಿದ್ದಳು, ನಾನು ಅಜ್ಜಿ. ಇಷ್ಟು ಜನ ದೊಡ್ಡವರ ನಡುವೆ ಹತ್ತು ವರ್ಷದ ಒಬ್ಬ ಹುಡುಗಿ, ಅಕ್ಕನ ಮಗಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಹುಡುಗಿಯನ್ನು ಗ್ರಾಮರ್ ಸ್ಕೂಲಿಗೆ ಸೇರಿಸಬೇಕಿತ್ತು. ಗ್ರಾಮರ್ ಸ್ಕೂಲ್ ಎಂದರೆ ಫೀಸಿಲ್ಲದ ಸರ್ಕಾರಿ ಶಾಲೆಯೇ. ಆದರೆ ಒಳಗೆ ಹೋಗಲು ಪ್ರವೇಶ ಪರೀಕ್ಷೆ, ಒಂದೊಂದು ಸೀಟಿಗೂ ಹಲವು ಹುಡುಗಿಯರು. ಇಂಥ ಮನೆಗೆ ಇಂಥ ಪರೀಕ್ಷೆ ಬಂದರೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಆದದ್ದರಲ್ಲಿ ಕೆಲವನ್ನು, ಆದ ಕ್ರಮದಲ್ಲಿ ಬರೆಯುತ್ತೇನೆ.

ವೈಜ್ಞಾನಿಕ ಆಯ್ಕೆ

ಯಾವ ಶಾಲೆ ಎಂಬ ಚರ್ಚೆ ದಿನಾ ಊಟದ ಹೊತ್ತಿಗೆ. ಅಕ್ಕನಿಗೆ ಫಲಿತಾಂಶ ಚೆನ್ನಾಗಿರಬೇಕು, ಬಾವನಿಗೆ ಹತ್ತಿರ ಇರಬೇಕು, ಅಜ್ಜಿಗೆ ಶಿಸ್ತು ಇರಬೇಕು. ಸಾರು ಆರುವವರೆಗೆ ಮಾತು. ಕೊನೆಗೆ ನಾನು, "ಹೀಗೆ ಬಾಯಲ್ಲಿ ಆಗಲ್ಲ, ಲೆಕ್ಕ ಹಾಕೋಣ" ಎಂದೆ.

ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿದೆ. ದೂರ, ಬಸ್ಸು, ಫಲಿತಾಂಶ, ಲ್ಯಾಬು, ಮೈದಾನ. ಪ್ರತಿಯೊಂದಕ್ಕೂ ಅದರದರ ತೂಕ. ಭಾನುವಾರ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮೊದಲ ಸ್ಥಾನದ ಶಾಲೆ ಉಳಿದವನ್ನು ಬಹಳ ಹಿಂದೆ ಹಾಕಿತ್ತು. ಯಾರೂ ಎದುರು ಮಾತಾಡಲಿಲ್ಲ. ವಿಜ್ಞಾನದ ಶಕ್ತಿ ಅದು.

ಮರುದಿನ ಅಕ್ಕ ಆ ಶಾಲೆಗೆ ಫೋನ್ ಮಾಡಿದಳು. ಅತ್ತ ಕಡೆಯಾಕೆ, "ನಿಮ್ಮ ಮಗನ ವಯಸ್ಸೆಷ್ಟು?" ಎಂದರು.

"ಮಗ ಅಲ್ಲ, ಮಗಳು."

"ಮೇಡಂ, ಇದು ಗಂಡುಮಕ್ಕಳ ಶಾಲೆ."

ಅಕ್ಕ ಫೋನ್ ಇಟ್ಟು ನನ್ನನ್ನು ನೋಡಿದಳು. ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬ ಕಾಲಂ ನಾನು ಹಾಕಿರಲಿಲ್ಲ.

ಬಾವ ಹಾಳೆಯನ್ನು ಎತ್ತಿ ಮತ್ತೊಮ್ಮೆ ಓದಿದರು. "ಶಾಲೀ ಏನೋ ಭಾಳ ಛಲೋ ಅದ. ಹುಡುಗೀನ ಬದಲಿ ಮಾಡೂಣೇನು?"

ಅಜ್ಜಿಯ ತಪಾಸಣೆ

ಕೋಷ್ಟಕದ ಎರಡನೆಯದು ಹೆಣ್ಣುಮಕ್ಕಳ ಶಾಲೆಯೇ. ಕೇಳಿ ಖಚಿತಪಡಿಸಿಕೊಂಡೆವು. ಜುಲೈನಲ್ಲಿ ಒಂದು ಸಂಜೆ, ಸೇರಬಯಸುವವರಿಗೆ ಶಾಲೆ ತೋರಿಸುವ ಕಾರ್ಯಕ್ರಮ ಇಟ್ಟಿದ್ದರು. ಐದೂ ಜನ ಹೋದೆವು. ಅಜ್ಜಿ ಇಸ್ತ್ರಿಯ ಇಳಕಲ್ ಸೀರೆ ಉಟ್ಟು, ಕೈಗಡಿಯಾರ ಕಟ್ಟಿ, ಕಪ್ಪು ಪರ್ಸು ಹಿಡಿದಿದ್ದರು.

ತೊಂದರೆ ಏನೆಂದರೆ, ಅಜ್ಜಿಗೆ ಒಂದು ಶಾಲೆಯನ್ನು ಬೀಗಿತಿಯ ಹಾಗೆ ಸುಮ್ಮನೆ ನೋಡಿಕೊಂಡು ಬರುವ ಅಭ್ಯಾಸವಿಲ್ಲ. ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ಧೂಳು ನೋಡಿದರು. ಗೋಡೆ ಗಡಿಯಾರವನ್ನು ತಮ್ಮ ಗಡಿಯಾರದ ಜೊತೆ ತಾಳೆ ಹಾಕಿದರು. ದಾರಿ ತೋರಿಸುತ್ತಿದ್ದ ದೊಡ್ಡ ಹುಡುಗಿಗೆ, "ಯುವರ್ ಟೈ" ಎಂದರು. ಅವಳು ಥಟ್ಟನೆ ಟೈ ಸರಿಮಾಡಿಕೊಂಡಳು. ಅದನ್ನು ಕಂಡು ಕಾರಿಡಾರಿನ ಉಳಿದ ಹುಡುಗಿಯರೂ ಸರಿಮಾಡಿಕೊಂಡರು.

ಕೆಮಿಸ್ಟ್ರಿ ಲ್ಯಾಬ್ ಮುಟ್ಟುವಷ್ಟರಲ್ಲಿ ಅಜ್ಜಿಯ ಹಿಂದೆ ಇಂಗ್ಲಿಷ್ ತಂದೆತಾಯಿಗಳ ಒಂದು ಸಾಲು. ಒಬ್ಬಾತ ಮುಂದೆ ಬಂದು, ತನ್ನ ಮಗಳು ಗಣಿತದಲ್ಲಿ ಸ್ವಲ್ಪ ಹಿಂದೆ, ಏನು ಮಾಡಲಿ ಎಂದು ಕೇಳಿದ.

"ಟೇಬಲ್ಸ್. ಮಾರ್ನಿಂಗ್. ಬಿಫೋರ್ ಟೀ" ಎಂದರು ಅಜ್ಜಿ. ಅವನು ಬರೆದುಕೊಂಡ.

ಅಕ್ಕ ಸೆರಗು ಎಳೆದು ಪಿಸುಗುಟ್ಟಿದಳು. "ಅತ್ತೆ, ಬನ್ನಿ. ನಿಮ್ಮನ್ನ ಇಲ್ಲಿನ ಟೀಚರ್ ಅಂದ್ಕೊಂಡಿದ್ದಾರೆ."

"ಅಂದಕೊಳ್ಳಲಿ. ನಾ ಟೀಚರ್ ಅಲ್ಲೇನು?"

ಈ ಗದ್ದಲದಲ್ಲಿ ಹುಡುಗಿ ಕಾಣಲಿಲ್ಲ. ಹುಡುಕಿದರೆ ಬಯಾಲಜಿ ಲ್ಯಾಬಿನಲ್ಲಿ, ಒಂದು ಆಮೆಯ ಮುಂದೆ ಕೂತಿದ್ದಳು. "ಮಮ್, ಐ ವಾಂಟ್ ದಿಸ್ ಸ್ಕೂಲ್" ಎಂದಳು. ಅಲ್ಲಿಯವರೆಗೆ ಸೀಟು ಅಕ್ಕನಿಗೆ ಬೇಕಿತ್ತು. ಅವತ್ತಿನಿಂದ ಹುಡುಗಿಗೂ ಬೇಕಾಯಿತು. ರಾತ್ರಿ ಮಲಗುವಾಗಲೂ ಆಮೆಯ ಮಾತು.

ಹೊರಡುವ ಹೊತ್ತಿಗೆ ಶಾಲೆಯ ನಿಜವಾದ ಹೆಡ್‌ಮಿಸ್ಟ್ರೆಸ್ ನಮ್ಮ ಕಡೆ ಬಂದರು. ಕೈಯಲ್ಲಿ ಟೀ. ಅಜ್ಜಿಗೆ ಬಹಳ ವಿನಯದಿಂದ, "ಕ್ಷಮಿಸಿ, ತಾವು ಯಾವ ಕಚೇರಿಯಿಂದ?" ಎಂದು ಕೇಳಿದರು.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಆರ್ ಯು ಆನ್ ಡ್ಯೂಟಿ?"

ಹೆಡ್‌ಮಿಸ್ಟ್ರೆಸ್ ಟೀ ಕಪ್ಪನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಶನಿವಾರದ ಭರತನಾಟ್ಯ

ನಮ್ಮವರಲ್ಲಿ ಯಾರೂ ಮಕ್ಕಳನ್ನು ಈ ಪರೀಕ್ಷೆಗೆ ತಯಾರು ಮಾಡುವುದಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: "ಏನಿಲ್ಲಪ್ಪ, ಸುಮ್ನೆ ಬರೀಲಿ ಅಂತ." ಸಿಕ್ಕರೆ ದೃಷ್ಟಿ ತಾಗಬಾರದು, ಸಿಗದಿದ್ದರೆ ಮರ್ಯಾದೆ ಹೋಗಬಾರದು. ಅದಕ್ಕೆ ಈ ಏರ್ಪಾಡು.

ನಮ್ಮ ಹುಡುಗಿ ಎರಡು ವರ್ಷದಿಂದ ಪ್ರತಿ ಶನಿವಾರ ರೇನರ್ಸ್ ಲೇನ್‌ನಲ್ಲಿ ಒಬ್ಬರ ಮನೆಗೆ ಟ್ಯೂಷನ್‌ಗೆ ಹೋಗುತ್ತಿದ್ದಳು. ಕನ್ನಡ ಸಂಘದವರಿಗೆ ಅಕ್ಕ ಹೇಳಿದ್ದು ಭರತನಾಟ್ಯ ಕ್ಲಾಸು ಎಂದು. ಒಂದು ಶನಿವಾರ ಅದೇ ಮನೆಯ ಬಾಗಿಲಲ್ಲಿ ಸಂಘದ ಇನ್ನೊಬ್ಬ ತಾಯಿ ಎದುರಾದರು. ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ. ಅವರ ಮಗಳು ಶನಿವಾರ ವೀಣೆ ಕ್ಲಾಸಿಗೆ ಹೋಗುತ್ತಾಳೆಂದು ನಮಗೆಲ್ಲ ಗೊತ್ತಿತ್ತು.

"ಓ, ನೀವಿಲ್ಲಿ?" ಎಂದಳು ಅಕ್ಕ.

"ಇಲ್ಲಿ ನಮ್ಮ ನೆಂಟರು ಇದ್ದಾರೆ. ನೀವು?"

"ನಮಗೂ ನೆಂಟರೇ."

ಟ್ಯೂಷನ್ ಮೇಷ್ಟ್ರು ಪಂಜಾಬಿ ಸರ್ದಾರ್ಜಿ. ಇಬ್ಬರೂ ಅವರಿಗೆ ನಮಸ್ಕಾರ ಮಾಡಿ ಒಳಗೆ ಹೋದರು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಸಂಘದ ಗಣೇಶ ಹಬ್ಬ. ಕಾರ್ಯದರ್ಶಿಗೆ ಒಂದು ಐಟಂ ಕಡಿಮೆ ಬಿದ್ದಿತ್ತು. ಯಾರನ್ನೂ ಕೇಳದೆ ಮೈಕ್ ಹಿಡಿದು, "ಈಗ ಎರಡು ವರ್ಷದಿಂದ ಭರತನಾಟ್ಯ ಕಲಿಯುತ್ತಿರುವ ನಮ್ಮ ಪುಟ್ಟಿಯ ನೃತ್ಯ, ಇನ್ನೊಬ್ಬ ಪುಟ್ಟಿಯ ವೀಣೆಯೊಂದಿಗೆ" ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಏಳುವುದರೊಳಗೆ ಹುಡುಗಿ ಸ್ಟೇಜಿನ ಮೇಲಿದ್ದಳು. ಕರೆದರೆ ಹೋಗಬೇಕೆಂದು ನಾವೇ ಕಲಿಸಿದ್ದೆವು.

ಕಾರ್ಯದರ್ಶಿ ಅವಳ ಬಾಯಿಗೆ ಮೈಕ್ ಹಿಡಿದರು. "ಯಾವ ಡಾನ್ಸ್ ಮಾಡ್ತೀಯಮ್ಮ?"

"ಐ ಡೋಂಟ್ ನೋ ಎನಿ ಡಾನ್ಸ್, ಅಂಕಲ್. ಆನ್ ಸ್ಯಾಟರ್‌ಡೇಸ್ ವಿ ಡೂ ಮ್ಯಾತ್ಸ್."

ಪಕ್ಕದಲ್ಲಿ ವೀಣೆಯ ಹುಡುಗಿ ತಲೆಯಾಡಿಸಿದಳು. "ಮೀ ಟೂ. ಸೇಮ್ ಟೀಚರ್."

ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಮುಂದಿನ ಶನಿವಾರ ರೇನರ್ಸ್ ಲೇನ್‌ನ ಆ ರಸ್ತೆಯಲ್ಲಿ ನಮಗೆ ಪಾರ್ಕಿಂಗ್ ಸಿಗಲಿಲ್ಲ.

ರಾಹುಕಾಲ

ಪರೀಕ್ಷೆ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ. ಅಡುಗೆಮನೆಯ ಕ್ಯಾಲೆಂಡರ್ ಪ್ರಕಾರ ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ.

ಅಕ್ಕ ದಿನಾ ಎಷ್ಟು ಜನರನ್ನು ಮಲಗಿಸಿ ಎಬ್ಬಿಸುತ್ತಾಳೋ, ಒಂದು ದಿನವೂ ರಾಹುಕಾಲ ನೋಡಿದವಳಲ್ಲ. ಅವತ್ತು ಮುಖ ಬಿಳಿಚಿತು. ನಾನು ಸಮಾಧಾನ ಹೇಳಿದೆ. "ಅದು ಬೆಂಗಳೂರಿನ ಕ್ಯಾಲೆಂಡರ್, ಅಕ್ಕ. ರಾಹುಕಾಲ ಸೂರ್ಯೋದಯದಿಂದ ಲೆಕ್ಕ. ಇಲ್ಲಿ ಸೂರ್ಯ ಹುಟ್ಟೋದೇ ಬೇರೆ ಹೊತ್ತಿಗೆ. ತಾಳು." ಪೇಪರಿನಲ್ಲಿ ಸೂರ್ಯೋದಯ, ಸೂರ್ಯಾಸ್ತ ನೋಡಿ, ಹಗಲನ್ನು ಎಂಟು ಭಾಗ ಮಾಡಿ, ಮೂರನೆಯದನ್ನು ತೆಗೆದೆ. ಲಂಡನ್ನಿನ ರಾಹುಕಾಲ ಶುರುವಾಗುವುದು ಒಂಬತ್ತು ಇಪ್ಪತ್ತೊಂಬತ್ತಕ್ಕೆ.

ಬಾವ ನಿಟ್ಟುಸಿರು ಬಿಟ್ಟರು. "ಲೆಕ್ಕಾ ಮಾಡು ಅಂತ ಯಾರು ಹೇಳಿದ್ರವಾ ನಿನಗ?"

ಅಜ್ಜಿ ಸುಮ್ಮನೆ ದೋಸೆ ತಿನ್ನುತ್ತಿದ್ದರು. "ಆ ಹಾಲಿನ್ಯಾಗ ಕೂಡೋ ಎಲ್ಲಾ ಹುಡುಗ್ಯಾರಿಗೂ ಅದೇ ರಾಹುಕಾಲ ಅಲ್ಲೇನು? ಎಲ್ಲಾರ ಮಾರ್ಕ್ಸಿನ್ಯಾಗೂ ಅಷ್ಟಷ್ಟೇ ಕಳೀರಿ. ಒಬ್ಬಾಕಿಗೆ ಏನು ಫರಕ ಬಿತ್ತು?"

ನಾಲ್ವರಲ್ಲಿ ಸರಿಯಾದ ಲೆಕ್ಕ ಹಾಕಿದವರು ಅವರೊಬ್ಬರೇ. ಅಕ್ಕ ಒಪ್ಪಲಿಲ್ಲ. ಒಳ್ಳೆಯ ಹೊತ್ತಿನಲ್ಲಿ ಶುರುವಾದರೆ ಸಾಕು, ಆಮೇಲೆ ಬಂದದ್ದು ಬರಲಿ ಎಂದು ತೀರ್ಮಾನಿಸಿದಳು. ಶಾಲೆಯ ಮುಂದೆ ಕಾರು ನಿಲ್ಲಿಸಿ, ಒಂಬತ್ತೂಕಾಲಿಗೇ ಹುಡುಗಿಯ ತೊಡೆಯ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟು, "ಒಂದೇ ಒಂದು ಲೆಕ್ಕ ಮಾಡು ಪುಟ್ಟಿ. ಪರೀಕ್ಷೆ ಶುರುವಾದ ಹಾಗಾಯ್ತು" ಎಂದಳು.

ಹುಡುಗಿ ಮಾಡಿದಳು. ನಾನು ನೋಡಿದೆ. ತಪ್ಪು.

ಅಕ್ಕ ಸ್ಟಿಯರಿಂಗ್ ಮೇಲೆ ತಲೆಯಿಟ್ಟಳು. ಬಾವ ಮಗಳ ಬೆನ್ನು ತಟ್ಟಿ ಕಾರಿನಿಂದ ಇಳಿಸಿದರು. "ಹೋಗು ಮಗಳ. ಛಲೋ ಆತು, ತಪ್ಪು ಮಾಡೂದು ಒಳ್ಳೇ ಮುಹೂರ್ತದಾಗ ಮುಗೀತು."

ಸೀಟು ಬಿಡಿಸುವ ಊಟ

ಮಾರ್ಚಿನಲ್ಲಿ ಫಲಿತಾಂಶ ಬಂತು. ಹುಡುಗಿ ಪಾಸು. ಆದರೆ ಪಾಸಾದವರು ಸೀಟಿಗಿಂತ ಹೆಚ್ಚು, ಇವಳು ವೇಟಿಂಗ್ ಲಿಸ್ಟಿನಲ್ಲಿ. ಸೀಟು ಸಿಕ್ಕವರು ಯಾರಾದರೂ ಬೇಡವೆಂದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಡುಗಿ ಆಮೆಯ ಒಂದು ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದಳು, ಅಷ್ಟೇ. ಅಕ್ಕನಿಗೆ ಅದನ್ನು ನೋಡಿ ನೋಡಿ ನಿದ್ದೆ ಹೋಯಿತು. ಊರಿಗೆಲ್ಲ ನಿದ್ದೆ ಬರಿಸುವವಳು.

ವೇಟಿಂಗ್ ಲಿಸ್ಟಿನ ವಿಷಯ ಅಕ್ಕ ಹೊರಗೆ ಹೇಳಲಿಲ್ಲ. ಯಾರಾದರೂ ಕೇಳಿದರೆ "ಪಾಸಾದಳು" ಎಂದು ನಗುತ್ತಿದ್ದಳು. ವೀಣೆಯ ಹುಡುಗಿಯ ತಾಯಿಯೂ ಫೋನಿನಲ್ಲಿ "ನಮ್ಮವಳೂ ಪಾಸು" ಎಂದು ನಕ್ಕರು. ಆ ಹುಡುಗಿಗೆ ಒಂದು ಖಾಸಗಿ ಶಾಲೆಯಲ್ಲಿ ಸ್ಕಾಲರ್‌ಶಿಪ್ ಕೂಡ ಸಿಕ್ಕಿದೆಯೆಂದು ಸುದ್ದಿ ಇತ್ತು. ಅಕ್ಕ ಯೋಚಿಸಿದಳು: ಅವರು ಖಾಸಗಿ ಶಾಲೆಗೆ ಹೋದರೆ ಗ್ರಾಮರ್ ಸ್ಕೂಲಿನ ಸೀಟು ಖಾಲಿ.

ಭಾನುವಾರ ಆ ಗಂಡ ಹೆಂಡತಿ ಮಗಳನ್ನು ಊಟಕ್ಕೆ ಕರೆದಳು. ಬಿಸಿಬೇಳೆ ಭಾತ್ ಮಾಡಿದಳು. ನಮಗೆಲ್ಲ ಕೆಲಸ ಹಂಚಿದಳು. "ರೀ, ನೀವು ಬಸ್ಸಿನ ಕಷ್ಟ ಹೇಳಿ. ನೀನು, ಲ್ಯಾಬು ಹಳೇದು ಅನ್ನು. ಅತ್ತೆ, ನೀವು ದಯವಿಟ್ಟು ಏನೂ ಹೇಳ್ಬೇಡಿ."

ಊಟಕ್ಕೆ ಕೂತೆವು. ಅಕ್ಕನೇ ಶುರು ಮಾಡಿದಳು. "ಖಾಸಗಿ ಶಾಲೇಲಿ ಈಜುಕೊಳ ಇದೆಯಂತಲ್ಲ? ಪುಣ್ಯ ಮಾಡಿದ್ದಾಳೆ ನಿಮ್ಮ ಮಗಳು. ಆ ಗ್ರಾಮರ್ ಸ್ಕೂಲಲ್ಲಿ ಏನಿದೆ ಹೇಳಿ?"

"ಹೂಂ ಕಣ್ರೀ, ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು ಆಕೆ. "ನಿಮ್ಮ ಮನೆ ಹತ್ತಿರದ ಶಾಲೆ ಎಷ್ಟು ಚೆನ್ನಾಗಿದೆ! ನಡಕೊಂಡೇ ಹೋಗಬಹುದು. ಆ ಗ್ರಾಮರ್ ಸ್ಕೂಲಿಗೆ ಯಾರು ಹೋಗ್ತಾರೆ ಅಷ್ಟು ದೂರ?"

"ಎರಡು ಬಸ್ಸು ಬದಲಿಸಬೇಕು" ಎಂದರು ಬಾವ, ಪಾಠ ಒಪ್ಪಿಸುವವರ ಹಾಗೆ.

"ಮೂರು" ಎಂದರು ಆಕೆಯ ಗಂಡ.

"ಲ್ಯಾಬು ಹಳೇದು" ಎಂದೆ ನಾನು.

"ಚಾವಣಿ ಸೋರುತ್ತಂತೆ" ಎಂದರು ಆಕೆ.

"ಮಧ್ಯಾಹ್ನದ ಊಟ ಬಾಯಿಗಿಡೋ ಹಾಗಿಲ್ಲವಂತೆ" ಎಂದಳು ಅಕ್ಕ.

ಆಕೆಯ ಗಂಡನಿಗೆ ಹೇಳಲು ಏನೂ ಉಳಿದಿರಲಿಲ್ಲ. "ಅಲ್ಲಿ ಒಂದು ಆಮೆ ಇದೆ. ಅದು ಕಚ್ಚುತ್ತಂತೆ."

"ಇಟ್ ಡಸ್ ನಾಟ್!" ಎಂದು ಮಹಡಿ ಮೆಟ್ಟಿಲಿನಿಂದ ನಮ್ಮ ಹುಡುಗಿ ಕೂಗಿದಳು. ಇಬ್ಬರು ಹುಡುಗಿಯರೂ ಅಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅಜ್ಜಿ ಚಮಚ ಕೆಳಗಿಟ್ಟರು. "ಅಲ್ರೀ, ಅಷ್ಟು ಕೆಟ್ಟ ಶಾಲೀ ಇದ್ರ ಇಬ್ರೂ ಯಾಕ ಹಿಡಕೊಂಡು ಕೂತೀರಿ? ಬಿಟ್ಟುಬಿಡ್ರಿ ಸೀಟು."

ನಾಲ್ವರೂ ಭಾತ್ ಕಲಸತೊಡಗಿದರು. ಅಜ್ಜಿಯ ದನಿ ಹೈಸ್ಕೂಲಿಗೆ ಏರಿತು. "ಸೀಟು ಸಿಕ್ಕವರು ಕೈ ಎತ್ರಿ."

ಒಂದು ಕೈಯೂ ಮೇಲೆ ಹೋಗಲಿಲ್ಲ.

"ವೇಟಿಂಗ್ ಲಿಸ್ಟಿನ್ಯಾಗ ಇದ್ದವರು ಕೈ ಎತ್ರಿ."

ಮೊದಲು ಅಕ್ಕನ ಕೈ, ಆಮೇಲೆ ಆಕೆಯ ಕೈ. ಹಿಂದೆಯೇ ಇಬ್ಬರು ಗಂಡಂದಿರ ಕೈ. ಭಾತ್ ಮೆತ್ತಿದ ನಾಲ್ಕೂ ಕೈಗಳು ಮೇಲೆ ಇದ್ದವು.

"ಹಂಗಾದ್ರ ಇಷ್ಟೊತ್ತು ಯಾರ ಸೀಟು ಬಿಡಿಸ್ಲಿಕ್ಕತ್ತಿದ್ರಿ?" ಎಂದು ಕೇಳಿ ಅಜ್ಜಿ ಮೊಸರನ್ನ ಹಾಕಿಸಿಕೊಂಡರು. ಅಕ್ಕ ಮೊದಲು ನಕ್ಕಳು. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ಸ್ಕಾಲರ್‌ಶಿಪ್ ಸುದ್ದಿಯೂ ಸುಳ್ಳೇ ಎಂದು ಆಕೆ ಕಣ್ಣೊರೆಸಿಕೊಳ್ಳುತ್ತ ಹೇಳಿದರು.

ಅವತ್ತೇ ಇಬ್ಬರೂ ಒಂದಾದರು. ಮುಂದಿನ ಭಾನುವಾರದಿಂದ, ನಿಜವಾಗಿ ಸೀಟು ಸಿಕ್ಕಿದ ಮನೆಯವರನ್ನು ಪತ್ತೆ ಹಚ್ಚಿ ಊಟಕ್ಕೆ ಕರೆಯತೊಡಗಿದರು. ಕನ್ನಡದವರು, ತಮಿಳರು, ಗುಜರಾತಿಗಳು. ಅಕ್ಕ ಭಾತ್ ಮಾಡುವುದು, ಆಕೆ ಮೈಸೂರ್ ಪಾಕ್ ತರುವುದು. ಬಸ್ಸು, ಚಾವಣಿ, ಲ್ಯಾಬು, ಎಲ್ಲ ಹೇಳುವುದು. ಆಮೆಯ ವಿಷಯ ಮಾತ್ರ ಎತ್ತಬಾರದೆಂದು ನಮ್ಮ ಹುಡುಗಿಯ ಕಟ್ಟಪ್ಪಣೆ. ಬಂದವರೆಲ್ಲ ಚೆನ್ನಾಗಿ ಉಂಡು, ತಲೆಯಾಡಿಸಿ, ಡಬ್ಬಿಯಲ್ಲಿ ಸ್ವಲ್ಪ ಕಟ್ಟಿಸಿಕೊಂಡು ಹೋದರು.

ಜುಲೈನಲ್ಲಿ ಶಾಲೆಯಿಂದ ಫೋನ್ ಬಂತು. ನಾವು ಕಂಡು ಕೇಳದ ಒಂದು ಕುಟುಂಬ ವೇಲ್ಸ್‌ಗೆ ಹೊರಟಿತ್ತು, ಇನ್ನೊಂದು ಸ್ಕಾಟ್ಲೆಂಡಿಗೆ. ಎರಡು ಸೀಟು ಖಾಲಿ, ಇಬ್ಬರು ಹುಡುಗಿಯರಿಗೂ ಸಿಕ್ಕಿತು. ನಮ್ಮವಳು ಮನೆಯೆಲ್ಲ ಕುಣಿದಳು. ನಾನು ಕಂಡ ಅವಳ ಭರತನಾಟ್ಯ ಅದೊಂದೇ.

ಸೆಪ್ಟೆಂಬರಿನಲ್ಲಿ ಶಾಲೆಯ ಮೊದಲ ದಿನ ಮುಗಿಸಿ ಬಂದವಳು ಬ್ಯಾಗ್ ಇಳಿಸಿ, "ಮಮ್, ನಮ್ಮನೆಗೆ ಊಟಕ್ಕೆ ಬಂದಿದ್ದ ಎಲ್ಲರೂ ಅಲ್ಲೇ ಇದ್ದಾರೆ" ಎಂದಳು. ಅಪರೂಪಕ್ಕೆ ಕನ್ನಡದಲ್ಲಿ.

ನಮ್ಮಲ್ಲಿ ಉಂಡ ಮನೆಗಳು ಏಳು. ಸೀಟು ಬಿಟ್ಟ ಮನೆಗಳು ಸೊನ್ನೆ.