ಗೇಟಿನಾಚೆಯ ಬೀಡಿ ದರ್ಬಾರು

ನಮ್ಮ ಮನೆತನದಲ್ಲಿ ಇದುವರೆಗೆ ಮನೆ ಬಿಟ್ಟು ಓಡಿಹೋದವರು ಒಬ್ಬರೇ. ನಮ್ಮಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು! ಓಡಿಹೋದದ್ದು ಎಲ್ಲಿಗೆ ಅಂತೀರಿ? ರಾಯದುರ್ಗದಿಂದ ಬಳ್ಳಾರಿ ಕಡೆ ಹೋಗುವ ರಸ್ತೆಯಲ್ಲಿ, ಊರಾಚೆ ಇರುವ ವೃದ್ಧಾಶ್ರಮಕ್ಕೆ. ಯಾರಿಗೋಸ್ಕರ? ಬೀಡಿಗೋಸ್ಕರ!

ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತುಟಿಯಲ್ಲಿ ಬೀಡಿ. ಮೂರನ್ನೂ ಅವರು ಒಂದೇ ಗಾಂಭೀರ್ಯದಿಂದ ಧರಿಸುತ್ತಿದ್ದರು. ಚಟ ಹತ್ತಿದ್ದು ಪತಿಸೇವೆಯಿಂದಲೇ. ಮಾವ ಪಡಸಾಲೆಯಲ್ಲಿ ಕೂತು ಬೀಡಿ ಕೇಳಿದರೆ, ಇವರು ಒಲೆಯ ಕೆಂಡಕ್ಕೆ ಹಿಡಿದು, ಆರಿಹೋಗದಿರಲಿ ಎಂದು ಒಂದು ದಮ್ಮು ಎಳೆದು ತಂದುಕೊಡುತ್ತಿದ್ದರಂತೆ. ಒಲೆಗೂ ಪಡಸಾಲೆಗೂ ದೂರ ಜಾಸ್ತಿ ನೋಡಿ, ದಮ್ಮೂ ಜಾಸ್ತಿಯಾಯಿತು. ಮುಂದೊಂದು ದಿನ ಮಾವ ಯಾರೋ ಸ್ವಾಮಿಗಳ ಮಾತು ಕೇಳಿ ಬೀಡಿ ಬಿಟ್ಟುಬಿಟ್ಟರು. ಅತ್ತೆ ಬಿಡಲಿಲ್ಲ. "ಸ್ವಾಮೇರು ಬಿಡು ಅಂದಿದ್ದು ಅವರಿಗೆ. ನನಗ ಯಾರು ಅಂದ್ರು?"

ಮಾವ ತೀರಿಕೊಂಡರು, ಮಕ್ಕಳಿರಲಿಲ್ಲ, ಅತ್ತೆ ನಮ್ಮ ಮನೆಗೆ ಬಂದರು. ಹೊಗೆ ಕಂಡರೆ ನನ್ನ ಹೆಂಡತಿಗೆ ಸೀನು. ಹೀಗಾಗಿ ಪ್ರತಿ ಬೀಡಿಗೂ ಅತ್ತೆ ಮಾಳಿಗೆ ಹತ್ತಬೇಕಾಯಿತು. ಅವರ ಮೊಣಕಾಲುಗಳೋ, ಅವರಷ್ಟೇ ಹಟಮಾರಿಗಳು. ಒಂದು ಬೆಳಗ್ಗೆ ಟ್ರಂಕು ಎತ್ತಿಕೊಂಡು ಆಟೋ ಹತ್ತಿಯೇಬಿಟ್ಟರು. ನಾನು ಬರಿಗಾಲಲ್ಲಿ ಬೀದಿಗೆ ಓಡಿದೆ.

"ಅತ್ತೀ, ಊರ ಮಂದಿ ನಮ್ಮ ಮಕಕ್ಕ ಉಗುಳ್ತಾರ್ರಿ!"

"ಉಗುಳಿದ್ರ ಒರಸಿಗ್ಯ. ನಿಮ್ಮನ್ಯಾಗ ಬೀಡಿ ಸೇದಬೇಕಂದ್ರ ರಾಯದುರ್ಗದ ಗುಡ್ಡ ಹತ್ತಿದಂಗ ಆಗತೈತಿ. ಅಲ್ಲಿ ಎಲ್ಲಾ ಸಪಾಟ ಐತಂತ!"

ಸಪಾಟಾಗಿತ್ತು, ನಿಜ. ಆದರೆ ಬಾಗಿಲಲ್ಲೇ 'ಧೂಮಪಾನ, ಮದ್ಯಪಾನ ನಿಷೇಧ' ಎಂಬ ಬೋರ್ಡೂ ಇತ್ತು. ಅಲ್ಲಿನ ಮ್ಯಾನೇಜರು ನಿವೃತ್ತ ಹೆಡ್ಮಾಸ್ತರು. ಬೋರ್ಡು ತೋರಿಸಿ, "ಅಮ್ಮಾ, ಓದಿದ್ರೇನ್ರಿ?" ಅಂದರು.

"ನನಗ ಓದಾಕ ಬರಂಗಿಲ್ರಿ."

"ನಾನು ಓದಿ ಹೇಳ್ತೀನಿ, ಕೇಳ್ರಿ."

"ಕಿವೀನೂ ಅಷ್ಟಕ್ಕಷ್ಟೆ!"

ಹಾಗಂತ ಅತ್ತೆ ಒಳಗೆ ಒಂದು ದಿನವೂ ಸೇದಲಿಲ್ಲ. ಪಕ್ಕದ ಮಂಚದ ಅಜ್ಜಿಗೆ ಉಬ್ಬಸ ಇತ್ತು. ಗೇಟು ದಾಟಿ, ರಸ್ತೆಬದಿಯ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು ಹಚ್ಚಿದರು. ಮ್ಯಾನೇಜರು ಓಡಿಬಂದರೆ ಉತ್ತರ ತಯಾರಾಗಿತ್ತು: "ನಿಮ್ಮ ರೂಲ್ಸು ಗೇಟಿನ ತನಕ. ಈ ಮರ ಗೌರ್ಮೆಂಟಿಂದು!"

ಆಮೇಲೆ ಆಯಿತು ನೋಡಿ ಚಮತ್ಕಾರ. ಇಷ್ಟು ದಿನ ಬಚ್ಚಲಲ್ಲಿ, ಹಾಸಿಗೆಯೊಳಗೆ ಕದ್ದು ಸೇದುತ್ತಿದ್ದ ಮುದುಕರೆಲ್ಲ ಒಬ್ಬೊಬ್ಬರಾಗಿ ಮರದಡಿಗೆ ಬರತೊಡಗಿದರು. ಅತ್ತೆಯ ಶಿಸ್ತಿನ ಮುಂದೆ ಹೆಡ್ಮಾಸ್ತರ ಶಿಸ್ತು ಯಾವ ಲೆಕ್ಕ? ತುಂಡು ಬೀಡಿ ಮರಳಿನ ಬುಟ್ಟಿಗೇ ಹಾಕಬೇಕು. ಹಾಸಿಗೆಯಲ್ಲಿ ಹಚ್ಚಿದ್ದು ಗೊತ್ತಾದರೆ ಮರದ ನೆರಳು ಬಂದ್. ಒಬ್ಬ ಅಜ್ಜ ಕೆಮ್ಮುತ್ತ ಬಂದಾಗ ಬೀಡಿ ಕಿತ್ತುಕೊಂಡು, "ನಿನ್ನ ಎದಿ ಎಣ್ಣಿ ಕಾಣದ ಗಾಡಿ ಒದರಿದಂಗ ಒದರತೈತಿ. ನಡಿ ಒಳಗ!" ಎಂದು ಅಟ್ಟಿದರು. ಹಾಸಿಗೆಗಳಲ್ಲಿ ಸುಟ್ಟ ತೂತು ಬೀಳುವುದು ನಿಂತಿದ್ದು ಕಂಡು ಮ್ಯಾನೇಜರು ಕಂಡೂ ಕಾಣದಂತಿರಲು ಕಲಿತರು.

ಆದರೆ ಅತ್ತೆಗೆ ಕುಡಿತ ಅಂದರೆ ಆಗದು. ಹೆಂಡದ ವಾಸನೆಗೇ ಮೂಗು ಮುಚ್ಚುವವರು. ಹಾಗಿದ್ದೂ ಒಂದು ದಿನ ಮ್ಯಾನೇಜರು ನನ್ನ ದಾರದ ಅಂಗಡಿಗೆ ಫೋನ್ ಮಾಡಿ, "ಬೇಗ ಬರ್ರಿ, ನಿಮ್ಮ ಅತ್ತೆಯವರ ಬ್ರಾಂದಿ ಬಾಟ್ಲಿ ಸಿಕ್ಕೈತಿ" ಎಂದಾಗ ಹೇಗಾಗಿರಬೇಡ! ಜೀನ್ಸ್ ಹೊಲಿಯುವವರಿಗೆ ದಾರದುಂಡೆ ಎಣಿಸಿಕೊಡುತ್ತಿದ್ದವನು ಹಾಗೇ ಎದ್ದು ಓಡಿದೆ.

ನಡೆದದ್ದು ಇಷ್ಟು. ಆಶ್ರಮದಲ್ಲಿ ಮಡಕಶಿರ ಕಡೆಯ ಹಾರ್ಮೋನಿಯಂ ಮಾಸ್ತರೊಬ್ಬರಿದ್ದರು. ಜೀವಮಾನವೆಲ್ಲ ನಾಟಕ ಕಂಪನಿಗಳ ಹಿಂದೆ ಊರೂರು ಅಲೆದು, ಕಡೆಗೆ ಒಬ್ಬಂಟಿಯಾಗಿ ಇಲ್ಲಿಗೆ ಬಂದವರು. ಕುಡಿದು ಸಿಕ್ಕಿಬಿದ್ದು ಅವರಿಗೆ ಕೊನೆಯ ಎಚ್ಚರಿಕೆಯೂ ಆಗಿಹೋಗಿತ್ತು. ಇನ್ನೊಮ್ಮೆ ಸಿಕ್ಕರೆ ಬಸ್ ಸ್ಟ್ಯಾಂಡೇ ಗತಿ. ಅಂಥದ್ದರಲ್ಲಿ ಅಡುಗೆಯಾಕೆ ನೀರಿನ ಡ್ರಮ್ಮು ತೊಳೆಯುವಾಗ ತಳದಲ್ಲಿ ಬಾಟ್ಲಿ ಸಿಕ್ಕಿದೆ. ಮ್ಯಾನೇಜರು ಎಲ್ಲರನ್ನೂ ಊಟದ ಮನೆಯಲ್ಲಿ ಕೂರಿಸಿ, "ಯಾರದಿದು?" ಎಂದು ಗುಡುಗಿದ್ದಾರೆ. ಮಾಸ್ತರು ಬಾಟ್ಲಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದರಂತೆ. ಆಗ ಅತ್ತೆ ಗೋಡೆ ಹಿಡಿದು ಎದ್ದು ನಿಂತರು.

"ನಂದ್ರಿ."

"ಅಮ್ಮಾ, ನೀವು ಕುಡಿತೀರಾ?"

"ಶಿವಶಿವಾ! ಮೊಣಕಾಲಿಗೆ ತಿಕ್ಕಾಕ ಇಟ್ಟಿದ್ದೆ."

"ಅರ್ಧ ಖಾಲಿ ಆಗೇತಲ್ರಿ!"

"ಎರಡು ಮೊಣಕಾಲು ಅದಾವಲ್ರಿ!"

ಊಟದ ಮನೆಯಲ್ಲಿ ಬೊಚ್ಚುಬಾಯಿಗಳೆಲ್ಲ ತೆರೆದುಕೊಂಡು ನಕ್ಕವಂತೆ. ನನ್ನ ಮುಂದೆ ಇದನ್ನು ಹೇಳುವಾಗ ಮ್ಯಾನೇಜರಿಗೇ ನಗು ತಡೆಯಲಾಗಲಿಲ್ಲ. ಮೊದಲ ತಪ್ಪು ಎಂದು ಎಚ್ಚರಿಸಿ ಬಿಟ್ಟರು. ನಾನು ಮರದಡಿ ಹೋಗಿ ಕೇಳಿದೆ: "ಯಾಕ್ರಿ ಅತ್ತೀ, ಸುಳ್ಳು ಹೇಳಿದ್ರಿ?"

"ಅವನಿಗೆ ಹೋಗಾಕ ಜಾಗ ಇಲ್ಲ. ನನ್ನ ಹೊರಗ ಹಾಕಿದ್ರ ನಿಮ್ಮನಿ ಮಾಳಿಗಿ ಐತಲ್ಲ!"

ಮಾಸ್ತರು ಅಷ್ಟು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅತ್ತೆ ಬೈಯಲಿಲ್ಲ. ಯಾವ ಹೊತ್ತಿನಲ್ಲಿ ಕುಡಿಯಬೇಕು ಅನ್ನಿಸುತ್ತದೆ ಎಂದಷ್ಟೇ ಕೇಳಿದರು.

"ದೀಪ ಹಚ್ಚೋ ಹೊತ್ತಿಗೆ ಕಣಮ್ಮ. ನಾಟಕಕ್ಕೆ ಪೆಟ್ಟಿಗೆ ತೆಗೀತಿದ್ದ ಹೊತ್ತು. ಕೈ ಸುಮ್ಕಿರಾಕಿಲ್ಲ, ಏನ್ ಮಾಡ್ಲಿ?"

ಅತ್ತೆ ನನ್ನ ಕಡೆ ತಿರುಗಿದರು. "ನಾಳೆ ಒಂದು ಹಾರ್ಮೋನಿಯಂ ತಗಂಬಾ." ಸೊಪ್ಪು ತಗಂಬಾ ಎಂದಷ್ಟೇ ಸಲೀಸಾಗಿ! ಬಳ್ಳಾರಿಯೆಲ್ಲ ಅಲೆದು ಒಂದು ಹಳೆಯದನ್ನು ಹೊತ್ತುತಂದೆ. ಅದರ ಒಂದು ಸ್ವರದ ಮನೆ ಒತ್ತಿದರೆ ಬೆಕ್ಕು ನರಳಿದಂತೆ ಕೂಗುತ್ತಿತ್ತು. ಮಾಸ್ತರು ಅದನ್ನು ಬಿಟ್ಟೇ ನುಡಿಸುವುದನ್ನು ಅಭ್ಯಾಸ ಮಾಡಿಕೊಂಡರು. ಅವರು ಕುಡಿತ ಪೂರ್ತಿ ಬಿಟ್ಟರು ಎಂದರೆ ಸುಳ್ಳಾದೀತು. ಆದರೆ ಎಷ್ಟೋ ಸಂಜೆಗಳು ಬಾಟ್ಲಿಯ ನೆನಪಿಲ್ಲದೆ ಕಳೆದವು. ಮ್ಯಾನೇಜರೂ ಬಂದು, "ಒಂದು ಶಿವನ ಪದ ಬಾರಿಸ್ರಿ" ಎಂದು ಕೂತು ಹಾಡಿಯೇಬಿಟ್ಟರು. ಹೆಡ್ಮಾಸ್ತರ ಕಂಠಕ್ಕಿಂತ ಆ ಕೆಟ್ಟ ಮನೆಯೇ ವಾಸಿ ಎಂದು ಅತ್ತೆಯ ತೀರ್ಪು!

ಮೊನ್ನೆ ಮಳೆಗಾಲದಲ್ಲಿ ಮಾಸ್ತರಿಗೆ ಹೊಟ್ಟೆನೋವು ಜೋರಾಗಿ ಆಸ್ಪತ್ರೆಗೆ ಸೇರಿಸಿದರು. ಅತ್ತೆಯೂ ಜೊತೆಗೆ ಹೊರಟರು. ನಾನು ಹೋಗುವ ಹೊತ್ತಿಗೆ ಗಂಡಸರ ವಾರ್ಡಿನಲ್ಲಿ ನರ್ಸಮ್ಮ ಅವರನ್ನು ತಡೆದು ಕೇಳುತ್ತಿದ್ದಳು: "ನೀವು ಇವರಿಗೆ ಏನಾಗಬೇಕ್ರಿ? ಸಂಬಂಧಿಕರಾದ್ರ ಮಾತ್ರ ಇರಬೇಕು."

ಯಾರಿಗೂ ಉತ್ತರ ಬಾಕಿ ಇಡದ ನಮ್ಮ ಅತ್ತೆ, ತಂದಿದ್ದ ಗಂಜಿಯ ಬಟ್ಟಲನ್ನು ಮಂಚದ ಪಕ್ಕ ಇಟ್ಟು ಅದರ ಮುಚ್ಚಳ ಸರಿಪಡಿಸತೊಡಗಿದರು. ಕಣ್ಣು ಮುಚ್ಚಿ ಮಲಗಿದ್ದ ಮಾಸ್ತರು ಅಲ್ಲಿಂದಲೇ ಅಂದರು: "ನಮ್ಮಕ್ಕ ಕಣಮ್ಮ. ಇರ್ಲಿ ಬಿಡು."

ಅತ್ತೆ ಸರಕ್ಕನೆ ವರಾಂಡಕ್ಕೆ ಹೊರಟುಹೋದರು. ಬೀಡಿ ನೆನಪಾಗಿರಬೇಕು ಎಂದು ಹಿಂದೆಯೇ ಹೋದೆ. ಸೆರಗಿನಲ್ಲಿ ಮುಖ ಒತ್ತಿಕೊಂಡು ಕಂಬಕ್ಕೆ ಆನಿಕೊಂಡಿದ್ದರು.

"ಅಲ್ಲಲೇ, ಎಲ್ಲಾರೂ ಅಮ್ಮ ಅಂತಾರ, ಅಜ್ಜಿ ಅಂತಾರ. ನಿಮ್ಮಪ್ಪ ಹೋದಾಗಿಂದ ಅಕ್ಕಾ ಅಂದೋರು ಒಬ್ಬರೂ ಇರಲಿಲ್ಲ ನೋಡು."

ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, ಮೂಗು ಒರೆಸಿಕೊಂಡು ಒಳಗೆ ಹೋದರು. ಗಂಜಿಯ ಬಟ್ಟಲು ಎತ್ತಿಕೊಂಡು ಮಂಚದ ಅಂಚಿಗೆ ಕೂತರು.

"ಏಳಲೇ ತಮ್ಮಾ, ಆರಿ ಹೋಗತೈತಿ."

ಬಾಗಿಲಲ್ಲಿ ನಿಂತವನಿಗೆ ಒಂದು ಗಳಿಗೆ, ಒಳಗೆ ಮಲಗಿರುವುದು ನಮ್ಮಪ್ಪನೇ ಅನ್ನಿಸಿಬಿಟ್ಟಿತು.